ಹಸಿ ಪಾಚಿಯಿಂದ ಕಚ್ಚಾತೈಲ: ರಿಚ್‌ಲ್ಯಾಂಡ್ ಪ್ರಯೋಗಾಲಯದ ಒಂದು ಪ್ರಕರಣ ಅಧ್ಯಯನ

ಅಮೆರಿಕದ ವಾಷಿಂಗ್ಟನ್ ರಾಜ್ಯದ ರಿಚ್‌ಲ್ಯಾಂಡ್ ಪಟ್ಟಣದಲ್ಲಿರುವ ಪೆಸಿಫಿಕ್ ನಾರ್ತ್‌ವೆಸ್ಟ್ ನ್ಯಾಷನಲ್ ಲ್ಯಾಬೊರೇಟರಿಯಿಂದ 2013ರ ಡಿಸೆಂಬರ್‌ನಲ್ಲಿ ಒಂದು ಸುದ್ದಿ ಹೊರಬಂತು. ಸೊಪ್ಪನ್ನು ಬೇಯಿಸಿ ನುಣ್ಣಗೆ ರುಬ್ಬಿದಂತೆ ಕಾಣುವ ಸೂಕ್ಷ್ಮ ಪಾಚಿಯ ಹಸಿರು ಗಂಜಿಯನ್ನು ಯಂತ್ರದ ಒಂದು ತುದಿಯಿಂದ ಒಳಗೆ ತಳ್ಳಿದರೆ, ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ ಇನ್ನೊಂದು ತುದಿಯಿಂದ ಕಪ್ಪು ಕಚ್ಚಾತೈಲ ಇಳಿದು ಬರುತ್ತದೆ ಎಂಬುದು ಅದರ ಸಾರ. ಭೂಮಿಯ ಒಡಲಿನಲ್ಲಿ ಲಕ್ಷಾಂತರ ವರ್ಷಗಳಲ್ಲಿ ನಡೆದದ್ದನ್ನು ಒಂದು ತಾಸಿನಲ್ಲಿ ಮಾಡಿ ತೋರಿಸಿದರು ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಆ ಹೋಲಿಕೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಪ್ರಕರಣದ ನಿಜವಾದ ಸಾಧನೆ ವೇಗವಲ್ಲ. ಪಾಚಿಯನ್ನು ಒಣಗಿಸುವ ಅಗತ್ಯವನ್ನೇ ಕಳೆದದ್ದು, ಯಂತ್ರವನ್ನು ನಿಲ್ಲಿಸದೆ ಓಡಿಸಿದ್ದು, ತೈಲದ ಜೊತೆ ಹೊರಬರುವ ಕೊಳಕು ನೀರನ್ನು ಮರೆಯದೆ ಲೆಕ್ಕಕ್ಕೆ ತೆಗೆದುಕೊಂಡದ್ದು, ಈ ಮೂರರಿಂದ ಆ ಕೆಲಸ ದೊಡ್ಡದಾಯಿತು. ಇಷ್ಟೆಲ್ಲ ಸರಿಹೋದ ಮೇಲೂ ಪಾಚಿಯ ತೈಲ ಪೇಟೆಗೆ ಬರಲಿಲ್ಲ. ಯಂತ್ರದ ಒಳಗೆ ಗೆದ್ದ ವಿಧಾನ ಯಂತ್ರದ ಹೊರಗೆ, ಕೊಳದ ದಂಡೆಯಲ್ಲಿ ಏಕೆ ಮುಗ್ಗರಿಸಿತು ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ನೀರು ಎಂಬ ಹೊರೆ

ಪಾಚಿಯಿಂದ ಇಂಧನ ತೆಗೆಯುವ ಯೋಚನೆ ಹೊಸದಲ್ಲ. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ಬೆನ್ನಿಗೇ ಅಮೆರಿಕ ಸರ್ಕಾರವು 1978ರಲ್ಲಿ ಜಲಸಸ್ಯಗಳ ಕುರಿತ ಒಂದು ದೀರ್ಘ ಸಂಶೋಧನಾ ಕಾರ್ಯಕ್ರಮವನ್ನು ಆರಂಭಿಸಿ 1996ರವರೆಗೆ ನಡೆಸಿತು. ಆಗಿನ ದಾರಿ ಸರಳವಾಗಿತ್ತು: ಮೈಯಲ್ಲಿ ಕೊಬ್ಬು ಹೆಚ್ಚಾಗಿ ತುಂಬಿಕೊಳ್ಳುವ ಪಾಚಿಯನ್ನು ಹುಡುಕುವುದು, ಬೆಳೆಸುವುದು, ಒಣಗಿಸುವುದು, ದ್ರಾವಕ ಹಾಕಿ ಕೊಬ್ಬನ್ನು ಹಿಂಡಿ ತೆಗೆಯುವುದು, ಅದನ್ನು ಬಯೋಡೀಸೆಲ್ ಮಾಡುವುದು. ಕಡಲೆಕಾಯಿಯಿಂದ ಎಣ್ಣೆ ತೆಗೆಯುವ ಗಾಣದ ತರ್ಕವೇ ಇಲ್ಲಿಯೂ ಇತ್ತು. ಆದರೆ ಕಡಲೆಕಾಯಿ ಬಿಸಿಲಿನಲ್ಲಿ ತಾನಾಗಿ ಒಣಗುತ್ತದೆ, ಪಾಚಿ ಹಾಗಲ್ಲ. ತೆರೆದ ಕೊಳದಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಯ ಸಾಂದ್ರತೆ ಸಾಮಾನ್ಯವಾಗಿ ಲೀಟರಿಗೆ ಅರ್ಧ ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಅಂದರೆ ಒಂದು ಕಿಲೋ ಒಣ ಪಾಚಿಗಾಗಿ ಸುಮಾರು 2,000 ಲೀಟರ್ ನೀರನ್ನು ಸೋಸಬೇಕು. ರಿಚ್‌ಲ್ಯಾಂಡ್‌ನಲ್ಲಿ ಬಳಸಿದ ನ್ಯಾನೋಕ್ಲೋರಾಪ್ಸಿಸ್ ಎಂಬ ಪಾಚಿಯ ಒಂದೊಂದು ಕೋಶವೂ ಕೆಲವೇ ಮೈಕ್ರೋಮೀಟರ್ ಗಾತ್ರದ್ದು. ಅದು ಬೇಗ ತಳಕ್ಕೆ ಇಳಿಯುವುದಿಲ್ಲ, ಬಟ್ಟೆಯಲ್ಲಿ ಸುಲಭವಾಗಿ ನಿಲ್ಲುವುದೂ ಇಲ್ಲ.

ತಿಳಿಗೊಳಿಸಿ, ಗಿರಕಿ ಯಂತ್ರದಲ್ಲಿ ತಿರುಗಿಸಿ, ನೂರಕ್ಕೆ 20 ಭಾಗ ಒಣ ಪದಾರ್ಥವಿರುವ ಗಂಜಿಯವರೆಗೆ ತರುವುದು ಹೇಗೋ ಸಾಧ್ಯ. ಅಲ್ಲಿಂದ ಮುಂದೆ ಒಣಗಿಸಲು ಹೊರಟಾಗ ಲೆಕ್ಕ ಕೈಕೊಡುತ್ತದೆ. 20 ಶೇಕಡಾ ಗಂಜಿಯಲ್ಲಿ ಒಂದು ಕಿಲೋ ಒಣ ಪಾಚಿಯ ಜೊತೆ ನಾಲ್ಕು ಕಿಲೋ ನೀರಿರುತ್ತದೆ. ಒಂದು ಕಿಲೋ ನೀರನ್ನು ಕುದಿಯುವವರೆಗೆ ಕಾಯಿಸಿ ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು, ಆದ್ದರಿಂದ ನಾಲ್ಕು ಕಿಲೋಗೆ ಹತ್ತಕ್ಕೂ ಮಿಕ್ಕಿ ಮೆಗಾಜೂಲ್ ಆಯಿತು. ಒಂದು ಕಿಲೋ ಒಣ ಪಾಚಿಯನ್ನು ಸುಟ್ಟರೆ ಸಿಗುವ ಒಟ್ಟು ಶಾಖ 20ರಿಂದ 25 ಮೆಗಾಜೂಲ್ ಮಾತ್ರ. ಹೆಚ್ಚುಕಡಿಮೆ ಅರ್ಧ ಗಳಿಕೆ ಒಣಗಿಸುವುದರಲ್ಲೇ ಹೋಯಿತು. ಗಂಜಿ ಇನ್ನೂ ತೆಳ್ಳಗಿದ್ದು ಅದರಲ್ಲಿ ಹತ್ತು ಶೇಕಡಾ ಮಾತ್ರ ಪಾಚಿ ಇದ್ದರೆ ಒಣಗಿಸಲು ಸುಮಾರು 23 ಮೆಗಾಜೂಲ್ ಬೇಕಾಗುತ್ತದೆ, ಆಗ ಪಾಚಿಯಲ್ಲಿರುವ ಶಕ್ತಿಯೆಲ್ಲ ಅದರ ಮೈಯ ನೀರನ್ನು ಓಡಿಸುವುದಕ್ಕೇ ಮುಗಿಯುತ್ತದೆ. ಬಿಸಿಲಿನಲ್ಲಿ ಹರಡಿ ಒಣಗಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ದಿನಕ್ಕೆ ನೂರಾರು ಟನ್ ಪಾಚಿ ಎಂದಾಗ ಒಣಹಾಕುವ ಅಂಗಳಗಳ ವಿಸ್ತೀರ್ಣ ಕೊಳಗಳಿಗೆ ಪೈಪೋಟಿ ಕೊಡುತ್ತದೆ, ಒಣಗುವ ಮೊದಲೇ ಪಾಚಿ ಕೊಳೆಯುತ್ತದೆ.

ಇದೇ ಜಾಗದಲ್ಲಿ ಜಲೋಷ್ಣ ದ್ರವೀಕರಣ, ಅಂದರೆ ಹೈಡ್ರೋಥರ್ಮಲ್ ಲಿಕ್ವಿಫ್ಯಾಕ್ಷನ್, ಬೇರೆಯೇ ದಾರಿ ಹಿಡಿಯುತ್ತದೆ. ನೀರನ್ನು ಆವಿಯಾಗಲು ಬಿಡದೆ, ಒತ್ತಡದ ಬಿಗಿಯಲ್ಲಿ ದ್ರವವಾಗಿಯೇ ಇರಿಸಿಕೊಂಡು 350 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಕಿಲೋ ಒಂದಕ್ಕೆ ತಗಲುವುದು ಸುಮಾರು 1.5 ಮೆಗಾಜೂಲ್. ನಾಲ್ಕು ಕಿಲೋ ನೀರಿಗೆ ಅದು ಆರು ಮೆಗಾಜೂಲ್ ಆಯಿತು. ಆವಿ ಮಾಡುವುದಕ್ಕಿಂತ ಇದು ಕಡಿಮೆಯೇ, ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಆವಿಯಾಗಿ ಗಾಳಿಗೆ ಹೋದ ಶಾಖವನ್ನು ಮರಳಿ ಹಿಡಿಯುವುದು ಕಷ್ಟ, ಆದರೆ ಕಾದ ದ್ರವದಲ್ಲಿರುವ ಶಾಖವನ್ನು ಒಳಬರುವ ತಣ್ಣನೆಯ ಗಂಜಿಗೆ ಕೊಳವೆಯ ಗೋಡೆಯ ಮೂಲಕವೇ ದಾಟಿಸಬಹುದು. ಐದು ಪಾಲಿನಲ್ಲಿ ನಾಲ್ಕು ಪಾಲು ಶಾಖ ಹೀಗೆ ಮರಳಿದರೆ ಹೊಸದಾಗಿ ಸೇರಿಸಬೇಕಾದದ್ದು ಐದನೆಯ ಒಂದು ಪಾಲು, ಅಂದರೆ ಸುಮಾರು 1.2 ಮೆಗಾಜೂಲ್. ಹತ್ತರ ಜಾಗದಲ್ಲಿ ಒಂದೂ ಚಿಲ್ಲರೆ. ಇಡೀ ವಿಧಾನದ ಆರ್ಥಿಕ ತರ್ಕ ಈ ಒಂದು ಹೋಲಿಕೆಯಲ್ಲಿ ನಿಂತಿದೆ ಎಂದು ನಾನು ತಿಳಿದಿದ್ದೇನೆ.

ಕಾದ ನೀರು ಮಾಡುವ ಕೆಲಸ

ಪ್ರಯೋಗಾಲಯದ ತಂಡವನ್ನು ಮುನ್ನಡೆಸಿದ ಡಗ್ಲಸ್ ಎಲಿಯಟ್ ಅವರು ತಮ್ಮ ಯಂತ್ರವನ್ನು ಪ್ರೆಶರ್ ಕುಕ್ಕರ್‌ಗೆ ಹೋಲಿಸಿದ್ದರು. ನಮ್ಮ ಅಡುಗೆಮನೆಯ ಕುಕ್ಕರ್‌ನಲ್ಲಿ ತಾಪ ಸುಮಾರು 120 ಡಿಗ್ರಿಗೆ ಏರುತ್ತದೆ, ಒತ್ತಡ ಹೊರಗಿನ ಗಾಳಿಗಿಂತ ಒಂದು ಪಟ್ಟು ಹೆಚ್ಚಿರುತ್ತದೆ. ರಿಚ್‌ಲ್ಯಾಂಡ್ ಯಂತ್ರದಲ್ಲಿ ತಾಪ 350 ಡಿಗ್ರಿ, ಒತ್ತಡ 20 ಮೆಗಾಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ಸುಮಾರು 200 ಪಟ್ಟು. ಸಮುದ್ರದಲ್ಲಿ ಎರಡು ಕಿಲೋಮೀಟರ್ ಆಳಕ್ಕೆ ಇಳಿದರೆ ಸಿಗುವ ಒತ್ತಡ ಅದು. ಈ ಅಂಕಿಯನ್ನು ಮನಬಂದಂತೆ ಆರಿಸಿದ್ದಲ್ಲ. 350 ಡಿಗ್ರಿಯಲ್ಲಿ ನೀರು ಕುದಿಯದಂತೆ ತಡೆಯಲು ಸುಮಾರು 16.5 ಮೆಗಾಪಾಸ್ಕಲ್ ಬೇಕೇ ಬೇಕು. ಅದರ ಮೇಲೆ ಒಂದಿಷ್ಟು ಭದ್ರತೆಯ ಅಂತರ ಸೇರಿದರೆ 20 ಆಗುತ್ತದೆ. ಇನ್ನೊಂದು ಕಡೆ 374 ಡಿಗ್ರಿಯನ್ನೂ 22.1 ಮೆಗಾಪಾಸ್ಕಲ್ ಒತ್ತಡವನ್ನೂ ದಾಟಿದರೆ ನೀರು ದ್ರವವೂ ಅಲ್ಲದ ಅನಿಲವೂ ಅಲ್ಲದ ಸ್ಥಿತಿಗೆ ಹೋಗುತ್ತದೆ, ಅಲ್ಲಿ ಲೋಹದ ಸವೆತ ಹೆಚ್ಚು, ಅನಿಲವಾಗಿ ಕಳೆದುಹೋಗುವ ಇಂಗಾಲವೂ ಹೆಚ್ಚು. ಈ ಎರಡು ಎಲ್ಲೆಗಳ ನಡುವಿನ ಕಿರಿದಾದ ಓಣಿಯಲ್ಲಿ ಯಂತ್ರ ಓಡುತ್ತದೆ.

ಇಂಥ ಸ್ಥಿತಿಯ ನೀರು ನಾವು ಕುಡಿಯುವ ನೀರಿನಂತೆ ವರ್ತಿಸುವುದಿಲ್ಲ. ಕೋಣೆಯ ತಾಪದಲ್ಲಿ ನೀರಿನ ಪರಾವೈದ್ಯುತ ಸ್ಥಿರಾಂಕ, ಅಂದರೆ ವಿದ್ಯುದಾವೇಶಗಳ ನಡುವಿನ ಸೆಳೆತವನ್ನು ತಗ್ಗಿಸುವ ಶಕ್ತಿಯ ಅಳತೆ, 80ರ ಆಸುಪಾಸಿನಲ್ಲಿರುವುದರಿಂದ ಉಪ್ಪು ಅದರಲ್ಲಿ ಕರಗುತ್ತದೆ, ಎಣ್ಣೆ ಕರಗುವುದಿಲ್ಲ. 300 ಡಿಗ್ರಿಯ ಹೊತ್ತಿಗೆ ಆ ಸ್ಥಿರಾಂಕ 20ಕ್ಕೆ ಕುಸಿದು, ನೀರು ಅಸಿಟೋನಿನಂಥ ಸಾವಯವ ದ್ರಾವಕದ ಗುಣ ತಳೆಯುತ್ತದೆ. ಆಗ ಎಣ್ಣೆಯ ಅಂಶಗಳು ಅದರಲ್ಲಿ ಬೆರೆಯುತ್ತವೆ, ಉಪ್ಪುಗಳು ಹೊರಗೆ ಬೀಳಲು ತೊಡಗುತ್ತವೆ. ನೀರಿನ ಅಣುಗಳು ತಾವೇ ಒಡೆದು ಆಮ್ಲ ಮತ್ತು ಕ್ಷಾರದ ಅಯಾನುಗಳಾಗುವ ಪ್ರವೃತ್ತಿಯೂ ಏರುತ್ತದೆ. 250 ಡಿಗ್ರಿಯ ಸುತ್ತಮುತ್ತ ಆ ಪ್ರವೃತ್ತಿಯ ಅಳತೆಯಾದ ಅಯಾನು ಗುಣಲಬ್ಧ ಕೋಣೆಯ ತಾಪದಲ್ಲಿರುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಆದ್ದರಿಂದ ಹೊರಗಿನಿಂದ ಆಮ್ಲವನ್ನೋ ಕ್ಷಾರವನ್ನೋ ಹಾಕದಿದ್ದರೂ ನೀರೇ ಪಾಚಿಯ ಜೀವಕೋಶವನ್ನು ಒಡೆದು, ಕೊಬ್ಬನ್ನು ಕೊಬ್ಬಿನಾಮ್ಲಗಳಾಗಿ, ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ, ಪಿಷ್ಟವನ್ನು ಸಕ್ಕರೆಗಳಾಗಿ ಬಿಡಿಸುತ್ತದೆ. ಬಿಡಿಸಿದ ತುಣುಕುಗಳು ಆಮ್ಲಜನಕವನ್ನು ಕಳೆದುಕೊಂಡು ಮತ್ತೆ ಒಂದಕ್ಕೊಂದು ಬೆಸೆದುಕೊಂಡು, ತಣಿದಾಗ ನೀರಿನಿಂದ ಬೇರ್ಪಡುವ ತೈಲವಾಗುತ್ತವೆ.

ಹಿಂದಿನ ಗಾಣದ ದಾರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಅಲ್ಲಿ ಕೊಬ್ಬು ಮಾತ್ರ ಬೆಲೆಯುಳ್ಳದ್ದು, ಉಳಿದದ್ದು ಹಿಂಡಿ. ಇಲ್ಲಿ ಪ್ರೋಟೀನು ಮತ್ತು ಪಿಷ್ಟಗಳೂ ಭಾಗಶಃ ತೈಲವಾಗುತ್ತವೆ. ಪಾಚಿಗೆ ಕೊಬ್ಬು ತುಂಬಿಸಬೇಕಾದರೆ ಅದನ್ನು ಸಾರಜನಕವಿಲ್ಲದೆ ಹಸಿವಿನಲ್ಲಿ ಇಡಬೇಕು, ಹಸಿದ ಪಾಚಿ ಬೆಳೆಯುವುದಿಲ್ಲ. ಹದಿನೆಂಟು ವರ್ಷಗಳ ಆ ಹಳೆಯ ಕಾರ್ಯಕ್ರಮವನ್ನು ಕಾಡಿದ ತೊಡಕು ಇದು. ಜಲೋಷ್ಣ ದ್ರವೀಕರಣದಲ್ಲಿ ಕೊಬ್ಬಿನ ತಳಿಯನ್ನು ಹುಡುಕುವ ಬದಲು ಬೇಗ ಬೆಳೆಯುವ, ರೋಗಕ್ಕೆ ಜಗ್ಗದ ತಳಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಂತು.

ಒಂದೂವರೆ ಲೀಟರಿನ ಯಂತ್ರ

ಪಾಚಿಯನ್ನು ಬಿಸಿನೀರಿನಲ್ಲಿ ತೈಲ ಮಾಡಬಹುದು ಎಂಬುದು 2013ಕ್ಕಿಂತ ಬಹಳ ಮೊದಲೇ ಗೊತ್ತಿತ್ತು. ತೊಂಬತ್ತರ ದಶಕದಲ್ಲಿ ಜಪಾನಿನ ಸಂಶೋಧಕರು ಡ್ಯೂನಲಿಯೆಲ್ಲಾ ಮತ್ತು ಬಾಟ್ರಿಯೋಕಾಕಸ್ ಎಂಬ ಪಾಚಿಗಳ ಮೇಲೆ ಇದನ್ನು ಮಾಡಿ ನೋಡಿದ್ದರು. 2012ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫಿಲ್ ಸ್ಯಾವೇಜ್ ಅವರ ತಂಡ, ಒಂದೂವರೆ ಮಿಲಿಲೀಟರ್ ಹಸಿ ಪಾಚಿಯನ್ನು ಸಣ್ಣ ಉಕ್ಕಿನ ಕೊಳವೆಯಲ್ಲಿ ತುಂಬಿ ಬಿಗಿದು, ಸುಮಾರು 600 ಡಿಗ್ರಿ ಕಾದ ಮರಳಿನಲ್ಲಿ ಒಂದೇ ನಿಮಿಷ ಮುಳುಗಿಸಿ ತೆಗೆದು, ಪಾಚಿಯ 65 ಶೇಕಡಾ ಭಾಗ ಜೈವಿಕ ಕಚ್ಚಾತೈಲವಾದದ್ದನ್ನು ತೋರಿಸಿತ್ತು. ವೇಗದ ಮಾತಾದರೆ ದಾಖಲೆ ಅವರದ್ದೇ.

ಆದರೆ ಬೆರಳುದ್ದದ ಕೊಳವೆಯಲ್ಲಿ ಒಮ್ಮೆ ಬೇಯಿಸಿ ತಣಿಸಿ ತೆರೆಯುವುದಕ್ಕೂ, ಹಗಲು ರಾತ್ರಿ ಹರಿಯುವ ಗಂಜಿಯನ್ನು 200 ವಾತಾವರಣಗಳ ಒತ್ತಡಕ್ಕೆ ಎದುರಾಗಿ ತಳ್ಳುತ್ತಲೇ ಇರುವುದಕ್ಕೂ ಅಜಗಜಾಂತರವಿದೆ. ಮುಚ್ಚಿದ ಪಾತ್ರೆಯ ಪ್ರಯೋಗಗಳಲ್ಲಿ ಗೋಡೆಗೆ ಅಂಟಿದ ತೈಲವನ್ನು ಡೈಕ್ಲೋರೋಮೀಥೇನಿನಂಥ ದ್ರಾವಕ ಹಾಕಿ ತೊಳೆದು ಅಳೆಯುವುದು ವಾಡಿಕೆ. ಆ ದ್ರಾವಕ ತೈಲವನ್ನಷ್ಟೇ ಅಲ್ಲದೆ ನೀರಿನಲ್ಲಿ ಕರಗಿದ್ದ ಕೆಲವು ಅಂಶಗಳನ್ನೂ ಎಳೆದುಕೊಳ್ಳುತ್ತದೆ. ಇಳುವರಿಯ ಅಂಕಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಕಾರ್ಖಾನೆಯಲ್ಲಿ ಅಷ್ಟು ಸಿಗುವುದಿಲ್ಲ. ಬೇರೆ ಬೇರೆ ಪ್ರಯೋಗಾಲಯಗಳ ಇಳುವರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವವರು ಈ ಒಂದು ಸಂಗತಿಯನ್ನು ಮೊದಲು ವಿಚಾರಿಸಿಕೊಳ್ಳಬೇಕು.

ಎಲಿಯಟ್ ಮತ್ತು ಅವರ ಸಹೋದ್ಯೋಗಿಗಳು 'ಅಲ್ಗಲ್ ರಿಸರ್ಚ್' ನಿಯತಕಾಲಿಕದಲ್ಲಿ 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಗಂಟೆಗೆ ಸುಮಾರು ಒಂದೂವರೆ ಲೀಟರ್ ಗಂಜಿ ನಿರಂತರವಾಗಿ ಹರಿಯುವ ಯಂತ್ರವಿತ್ತು, ದ್ರಾವಕವಿರಲಿಲ್ಲ. ಹೊರಬಂದ ದ್ರವವನ್ನು ಸುಮ್ಮನೆ ನಿಲ್ಲಲು ಬಿಟ್ಟರೆ ಹಾಲಿನ ಮೇಲೆ ಕೆನೆ ಕಟ್ಟುವಂತೆ ತೈಲ ನೀರಿನಿಂದ ತಾನಾಗಿ ಬೇರ್ಪಡುತ್ತಿತ್ತು. ಒಣ ಪದಾರ್ಥ 35 ಶೇಕಡಾವರೆಗೂ ಇದ್ದ ದಪ್ಪ ಗಂಜಿಯನ್ನೂ ಯಂತ್ರ ಸ್ವೀಕರಿಸಿತು. ಪಾಚಿಯಲ್ಲಿದ್ದ ಇಂಗಾಲದ 50ರಿಂದ 70 ಶೇಕಡಾ ತೈಲಕ್ಕೆ ಹೋಯಿತು. ಇದನ್ನು ಕೈಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ: ಒಂದು ಕಿಲೋ ಒಣ ಪಾಚಿಯಲ್ಲಿ ಅರ್ಧ ಕಿಲೋ ಇಂಗಾಲವಿದೆ ಎಂದುಕೊಂಡು, ಅದರ 60 ಶೇಕಡಾ, ಅಂದರೆ 300 ಗ್ರಾಮ್, ತೈಲ ಸೇರಿದರೆ, ತೈಲದ ತೂಕದಲ್ಲಿ ಮುಕ್ಕಾಲು ಭಾಗಕ್ಕೂ ತುಸು ಹೆಚ್ಚು ಇಂಗಾಲವೇ ಇರುವುದರಿಂದ, ಸುಮಾರು 390 ಗ್ರಾಮ್ ತೈಲ ದೊರೆಯುತ್ತದೆ. ಆ ತೈಲದ ಶಾಖಮೌಲ್ಯ ಕಿಲೋಗೆ 35 ಮೆಗಾಜೂಲ್ ಎಂದಿಟ್ಟುಕೊಂಡರೆ ಕೈಗೆ ಬಂದ ಶಕ್ತಿ ಹದಿಮೂರೂವರೆ ಮೆಗಾಜೂಲ್.

ಓದುವಾಗ ಇದೆಲ್ಲ ಸಲೀಸಾಗಿ ಕಾಣುತ್ತದೆ, ಆದರೆ ಇಂಥ ಯಂತ್ರವನ್ನು ನಡೆಸುವವರಿಗೆ ಖನಿಜಗಳೇ ದೊಡ್ಡ ತಲೆನೋವು. ಪಾಚಿಯಲ್ಲಿ ರಂಜಕ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿವೆ, ಸಮುದ್ರದ ಪಾಚಿಯಾದರೆ ಉಪ್ಪೂ ಇದೆ. ಕಾದ ನೀರು ಉಪ್ಪುಗಳನ್ನು ಹೊರಹಾಕುತ್ತದೆ ಎಂದು ಮೇಲೆ ಹೇಳಿದೆನಲ್ಲ, ಅವು ಬೀಳುವುದು ಕಿರಿದಾದ ಕೊಳವೆಗಳ ಒಳಗೆ. ಗಡಸು ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಪದರು ಕಟ್ಟುವಂತೆ ಇಲ್ಲಿಯೂ ಪದರು ಕಟ್ಟಿ ಕೊಳವೆ ಬಿಗಿಯುತ್ತದೆ, ಒತ್ತಡ ಏರುತ್ತದೆ, ಯಂತ್ರ ನಿಲ್ಲಿಸಬೇಕಾಗುತ್ತದೆ. ಗಂಜಿಯೇ ಕಾಯುವ ಹಂತದಲ್ಲಿ ಗಟ್ಟಿಯಾಗಿ ಕೊಳವೆಗೆ ಕಚ್ಚಿಕೊಳ್ಳುವ ಅಪಾಯ ಬೇರೆ. ಇದಕ್ಕಾಗಿ ಕಾಯುವ ಭಾಗದಲ್ಲಿ ಗಂಜಿಯನ್ನು ಸದಾ ಕಲಕುವ ಪಾತ್ರೆಯನ್ನು ಬಳಸಿದರು. ಬೇರ್ಪಟ್ಟ ಖನಿಜಗಳನ್ನು ಬಿಸಿಯಿರುವಾಗಲೇ, ಒತ್ತಡದಲ್ಲಿಯೇ, ತೈಲವನ್ನೂ ನೀರನ್ನೂ ಬೇರ್ಪಡಿಸುವ ಮೊದಲೇ ಹೊರತೆಗೆಯುವ ಏರ್ಪಾಡು ಮಾಡಿದರು. ಸುದ್ದಿಗಳಲ್ಲಿ ಒಂದು ಸಾಲೂ ಸಿಗದ ಈ ಏರ್ಪಾಡು ಇಲ್ಲದಿದ್ದರೆ ನಿರಂತರ ಹರಿವು ಎಂಬ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ.

ತೈಲದ ಪಕ್ಕದ ನೀರು

ತೈಲಕ್ಕೆ ಸೇರದ ಇಂಗಾಲ ಎಲ್ಲಿ ಹೋಗುತ್ತದೆ? ಸ್ವಲ್ಪ ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಅನಿಲಕ್ಕೆ, ಇನ್ನಷ್ಟು ಖನಿಜದ ಗಸಿಯೊಂದಿಗೆ ಘನಕ್ಕೆ, ಬಹುಭಾಗ ನೀರಿಗೆ. ಆ ನೀರು ಕಂದು ಬಣ್ಣದ್ದು, ಮೂಗು ಮುಚ್ಚಿಸುವ ವಾಸನೆಯದು, ಸಾವಯವ ಆಮ್ಲಗಳು, ಸಾರಜನಕದ ಸಂಯುಕ್ತಗಳು ಮತ್ತು ಅಮೋನಿಯಾದಿಂದ ತುಂಬಿದ್ದು. ತೈಲದ ಇಳುವರಿಯನ್ನಷ್ಟೇ ಹೇಳಿ ಈ ನೀರನ್ನು ಮರೆಯುವ ಲೇಖನಗಳು ಬಹಳ ಇವೆ. ಕಾರ್ಖಾನೆ ಕಟ್ಟುವವನಿಗೆ ಮರೆಯುವ ಸೌಲಭ್ಯವಿಲ್ಲ. ಒಂದು ಲೀಟರ್ ತೈಲಕ್ಕೆ ಹಲವು ಲೀಟರ್ ಇಂಥ ನೀರು ಹುಟ್ಟುತ್ತದೆ.

ರಿಚ್‌ಲ್ಯಾಂಡ್ ತಂಡ ಈ ನೀರನ್ನು ಎರಡನೆಯ ಯಂತ್ರಕ್ಕೆ ಕಳಿಸಿತು. ಅಲ್ಲಿಯೂ ಹೆಚ್ಚುಕಡಿಮೆ ಅದೇ ತಾಪ, ಅದೇ ಒತ್ತಡ, ಆದರೆ ಇಂಗಾಲದ ಹರಳುಗಳ ಮೇಲೆ ಲೇಪಿಸಿದ ರುಥೇನಿಯಂ ಎಂಬ ಲೋಹದ ವೇಗವರ್ಧಕವಿತ್ತು. ನೀರಿನಲ್ಲಿ ಕರಗಿದ್ದ ಸಾವಯವ ಅಂಶಗಳು ಅದರ ಮೇಲೆ ಹಾದು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆದವು. ಆ ಅನಿಲವನ್ನು ಉರಿಸಿ ಯಂತ್ರವನ್ನೇ ಕಾಯಿಸಬಹುದು. ಗಂಧಕ ಸೋಕಿದರೆ ರುಥೇನಿಯಂ ಸತ್ತುಹೋಗುವುದರಿಂದ ಅದಕ್ಕೂ ಮೊದಲು ಗಂಧಕವನ್ನು ಹಿಡಿಯುವ ಒಂದು ಬಲೆ ಬೇಕು. ಉಳಿದ ನೀರಿನಲ್ಲಿ ಅಮೋನಿಯಾ ಮತ್ತು ಪೊಟ್ಯಾಸಿಯಂನಂಥ ಪೋಷಕಗಳು ಇರುತ್ತವೆ, ರಂಜಕದ ಬಹುಭಾಗ ಖನಿಜದ ಗಸಿಯಲ್ಲಿರುತ್ತದೆ. ಆ ನೀರನ್ನು ಕೊಳಕ್ಕೆ ಮರಳಿ ಬಿಟ್ಟು ಅದರಲ್ಲೇ ಮುಂದಿನ ಪಾಚಿಯನ್ನು ಬೆಳೆಸಬಹುದು ಎಂಬುದು ಯೋಜನೆ.

ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಪಾಚಿಯ ಒಣ ತೂಕದಲ್ಲಿ ಸಾರಜನಕ ಏಳು ಶೇಕಡಾ ಇದೆ ಎಂದು ಹಿಡಿದರೂ, ದಿನಕ್ಕೆ 1,000 ಟನ್ ಪಾಚಿ ಅರೆಯುವ ಕಾರ್ಖಾನೆಗೆ ದಿನವೂ 70 ಟನ್ ಸಾರಜನಕ ಬೇಕು. ಅದನ್ನು ಯೂರಿಯಾ ಚೀಲಗಳಿಂದ ತಂದರೆ, ಯೂರಿಯಾ ಮಾಡಲು ಉರಿಸುವ ನೈಸರ್ಗಿಕ ಅನಿಲವನ್ನೂ ಲೆಕ್ಕಕ್ಕೆ ಸೇರಿಸಬೇಕು. ರೈತನ ಹೊಲಕ್ಕೆ ಬೇಕಾದ ಗೊಬ್ಬರವನ್ನು ಕಾರಿನ ಇಂಧನಕ್ಕಾಗಿ ಕೊಳಕ್ಕೆ ಸುರಿಯುವುದು ನ್ಯಾಯವಾಗಿ ಕಾಣುವುದಿಲ್ಲ. ಪೋಷಕಗಳು ಮರಳದಿದ್ದರೆ ಈ ಇಡೀ ಪ್ರಯತ್ನವನ್ನು ಸಮರ್ಥಿಸಿಕೊಳ್ಳುವುದು ಕಷ್ಟ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಪ್ಪು ತೈಲ ಬಂದ ಮೇಲೆ

ಹೊರಬಂದ ತೈಲ ನೋಡಲು ಪೆಟ್ರೋಲಿಯಂ ಕಚ್ಚಾತೈಲದಂತಿದ್ದರೂ ಒಳಗೆ ಅದೇ ಅಲ್ಲ. ನೆಲದ ಕಚ್ಚಾತೈಲದಲ್ಲಿ ಸಾರಜನಕ ಸಾಮಾನ್ಯವಾಗಿ ಒಂದು ಶೇಕಡಾಕ್ಕಿಂತ ಕಡಿಮೆ, ಪಾಚಿಯ ತೈಲದಲ್ಲಿ ನಾಲ್ಕೈದು ಶೇಕಡಾ. ಆಮ್ಲಜನಕವೂ ಅದಕ್ಕಿಂತ ಕೊಂಚ ಹೆಚ್ಚು. ಪ್ರೋಟೀನನ್ನೂ ತೈಲ ಮಾಡಿಕೊಂಡದ್ದಕ್ಕೆ ತೆರಬೇಕಾದ ಬೆಲೆ ಇದು. ಸಾರಜನಕದ ಉಂಗುರಾಕಾರದ ಸಂಯುಕ್ತಗಳು ಸಂಸ್ಕರಣಾಗಾರದ ವೇಗವರ್ಧಕಗಳ ಆಮ್ಲೀಯ ತಾಣಗಳನ್ನು ಆಕ್ರಮಿಸಿ ಅವುಗಳನ್ನು ಮಂಕಾಗಿಸುತ್ತವೆ. ಹಾಗಾಗಿ ಈ ತೈಲವನ್ನು ನೇರವಾಗಿ ಸಂಸ್ಕರಣಾಗಾರದ ತೊಟ್ಟಿಗೆ ಸುರಿಯುವಂತಿಲ್ಲ. ಮೊದಲು ಸುಮಾರು 400 ಡಿಗ್ರಿಯಲ್ಲಿ, ಹೆಚ್ಚಿನ ಒತ್ತಡದ ಜಲಜನಕದೊಂದಿಗೆ, ಗಂಧಕೀಕರಿಸಿದ ಲೋಹದ ವೇಗವರ್ಧಕಗಳ ಮೇಲೆ ಹಾಯಿಸಿ ಆಮ್ಲಜನಕವನ್ನು ನೀರಾಗಿ, ಸಾರಜನಕವನ್ನು ಅಮೋನಿಯಾ ಆಗಿ, ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ಆಗಿ ತೆಗೆಯಬೇಕು. ರಿಚ್‌ಲ್ಯಾಂಡ್‌ನಲ್ಲಿ ಈ ಮೂರನೆಯ ಹಂತವನ್ನೂ ನಿರಂತರ ಹರಿವಿನಲ್ಲಿಯೇ ಮಾಡಿದರು. ದೊರೆತ ದ್ರವದ ದೊಡ್ಡ ಪಾಲು ಡೀಸೆಲ್‌ನ ಶ್ರೇಣಿಯ ಹೈಡ್ರೋಕಾರ್ಬನ್‌ಗಳಾಗಿತ್ತು. ಕೆಲಸ ಸಾಧ್ಯ, ಆದರೆ ಅಷ್ಟು ಜಲಜನಕಕ್ಕೆ ಖರ್ಚಿದೆ, ಆ ಜಲಜನಕ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೂ ಇದೆ.

ಕೊಳದ ದಂಡೆಯಲ್ಲಿ

ಗಂಟೆಗೆ ಒಂದೂವರೆ ಲೀಟರ್, 20 ಶೇಕಡಾ ಗಂಜಿ ಎಂದರೆ ಗಂಟೆಗೆ 300 ಗ್ರಾಮ್ ಒಣ ಪಾಚಿ, ದಿನಕ್ಕೆ ಏಳು ಕಿಲೋ ಚಿಲ್ಲರೆ. ತೆರೆದ ಕೊಳದ ಒಂದು ಚದರ ಮೀಟರಿನಲ್ಲಿ ದಿನಕ್ಕೆ 25 ಗ್ರಾಮ್ ಪಾಚಿ ಬೆಳೆಯಬೇಕೆಂಬುದು ಈ ಕ್ಷೇತ್ರದವರು ಬಹುಕಾಲ ಎದುರಿಗಿಟ್ಟುಕೊಂಡ ಗುರಿ. ವರ್ಷದ ಸರಾಸರಿಯಲ್ಲಿ ಅದನ್ನು ಮುಟ್ಟುವುದು ಸುಲಭವಲ್ಲ. ಆ ಗುರಿಯನ್ನೇ ಹಿಡಿದರೂ ಮೇಜಿನ ಮೇಲಿನ ಈ ಪುಟ್ಟ ಯಂತ್ರದ ಹೊಟ್ಟೆ ತುಂಬಿಸಲು ಸುಮಾರು 290 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಮೂರು ಗುಂಟೆ ಕೊಳ ಬೇಕು. ದಿನಕ್ಕೆ 1,000 ಟನ್‌ನ ಕಾರ್ಖಾನೆಗೆ 40 ಚದರ ಕಿಲೋಮೀಟರ್, ಸುಮಾರು 10,000 ಎಕರೆ ನೀರಿನ ಹರವು ಬೇಕು. ದಂಡೆ, ಕಾಲುವೆ, ರಸ್ತೆಗಳು ಇದರ ಮೇಲೆ. ಪಾಚಿಗೆ ಇಂಗಾಲದ ಡೈಆಕ್ಸೈಡ್ ಅನ್ನೂ ಉಣಿಸಬೇಕು, ಒಂದು ಕಿಲೋ ಪಾಚಿಗೆ ಕನಿಷ್ಠ 1.8 ಕಿಲೋ. ಆವಿಯಾಗಿ ಹೋಗುವ ನೀರನ್ನು ತುಂಬುತ್ತಿರಬೇಕು. ಕೊಳಕ್ಕೆ ನುಗ್ಗಿ ಒಂದೆರಡು ದಿನಗಳಲ್ಲಿ ಬೆಳೆಯನ್ನೇ ತಿಂದುಹಾಕುವ ಸೂಕ್ಷ್ಮಜೀವಿಗಳನ್ನು ತಡೆಯಬೇಕು.

ಅದೇ ಪ್ರಯೋಗಾಲಯ 2014ರಲ್ಲಿ ಪ್ರಕಟಿಸಿದ ಆರ್ಥಿಕ ವಿನ್ಯಾಸದ ವರದಿಯಲ್ಲಿ, ಒಂದು ಟನ್ ಪಾಚಿ 430 ಡಾಲರಿಗೆ ಸಿಕ್ಕರೆ ಒಂದು ಗ್ಯಾಲನ್ ಪೆಟ್ರೋಲಿಗೆ ಸಮನಾದ ಇಂಧನದ ಬೆಲೆ 4.49 ಡಾಲರ್ ಆಗಬಹುದೆಂದು ಅಂದಾಜಿಸಲಾಗಿತ್ತು. ಎಲ್ಲ ಹಂತಗಳೂ ಸುಧಾರಿಸಿದ ಭವಿಷ್ಯದ ಗುರಿಯಾಗಿ ಇಟ್ಟ ಅಂಕಿ ಅದು. ಅದರಲ್ಲಿಯೂ ಬೆಲೆಯ ಬಹುಪಾಲು ಪಾಚಿಯದ್ದೇ; ಯಂತ್ರ, ಶಾಖ, ಜಲಜನಕ, ವೇಗವರ್ಧಕ ಎಲ್ಲ ಸೇರಿದರೂ ಕೊಳದ ಖರ್ಚಿನ ಮುಂದೆ ಚಿಕ್ಕವು. ಬೆಳೆಯುವವನ ಕಡೆಯಿಂದಲೂ ಒಂದು ಮಾತು ಹೇಳಬೇಕು. ಆಹಾರಕ್ಕಾಗಿ ಬೆಳೆಸುವ ಸ್ಪಿರುಲಿನಾದಂಥ ಪಾಚಿಗೆ, ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ದಶಕಗಳ ಕೆಲಸದಿಂದ ನಮ್ಮಲ್ಲಿಯೂ ಪರಿಚಿತವಾದ ಆ ಪಾಚಿಗೆ, ಕಿಲೋ ಲೆಕ್ಕದಲ್ಲಿ ಸಿಗುವ ಬೆಲೆಯ ಮುಂದೆ ಟನ್ನಿಗೆ 430 ಡಾಲರ್ ಏನೂ ಅಲ್ಲ. ಉಣ್ಣಲು ಮಾರಬಹುದಾದದ್ದನ್ನು ಉರಿಸಲು ಯಾರೂ ಕೊಡುವುದಿಲ್ಲ. 2014ರ ಉತ್ತರಾರ್ಧದಲ್ಲಿ ಜಾಗತಿಕ ಕಚ್ಚಾತೈಲದ ಬೆಲೆ ನೂರು ಡಾಲರಿನ ಮೇಲಿಂದ ಅರ್ಧಕ್ಕೆ ಕುಸಿದಾಗ ಉಳಿದಿದ್ದ ಆಸೆಯೂ ಬಾಡಿತು.

ವಿಧಾನದ ಮುಂದಿನ ಪಯಣ

ಯಂತ್ರ ಮಾತ್ರ ನಿಲ್ಲಲಿಲ್ಲ. ಈ ತಂತ್ರಜ್ಞಾನದ ಪರವಾನಗಿ ಪಡೆದಿದ್ದ ಯೂಟಾ ರಾಜ್ಯದ ಜೆನಿಫ್ಯೂಯೆಲ್ ಎಂಬ ಸಂಸ್ಥೆ 2008ರಿಂದಲೇ ಎಲಿಯಟ್ ಅವರ ತಂಡದೊಂದಿಗೆ ಕೆಲಸ ಮಾಡುತ್ತಿತ್ತು. ಭಾರತದ ರಿಲಯನ್ಸ್ ಇಂಡಸ್ಟ್ರೀಸ್ ಕೂಡ ಇದರಲ್ಲಿ ಪಾಲುಗೊಂಡಿತು; ಹಸಿ ಜೈವಿಕ ಪದಾರ್ಥವನ್ನು ಇಂಧನ ಮಾಡುವ ಈ ಜಲೋಷ್ಣ ವಿಧಾನಕ್ಕೆ 2015ರಲ್ಲಿ, ಹೊಸ ತಂತ್ರಜ್ಞಾನಗಳಿಗೆ ಕೊಡುವ ಆರ್ ಅಂಡ್ ಡಿ 100 ಪ್ರಶಸ್ತಿ ಬಂದಾಗ ಪ್ರಯೋಗಾಲಯ, ಜೆನಿಫ್ಯೂಯೆಲ್, ರಿಲಯನ್ಸ್ ಮೂರರ ಹೆಸರೂ ಅದರಲ್ಲಿತ್ತು. ಬಿಸಿಲು, ಉಪ್ಪುನೀರು, ಪಾಳು ನೆಲ, ಪಕ್ಕದಲ್ಲೇ ಬೃಹತ್ ಸಂಸ್ಕರಣಾಗಾರ, ಇವೆಲ್ಲ ಒಟ್ಟಿಗೆ ಇರುವ ಗುಜರಾತಿನ ಜಾಮ್‌ನಗರದ ಕರಾವಳಿಯಂಥ ಜಾಗ ರಿಚ್‌ಲ್ಯಾಂಡ್‌ಗಿಂತ ಪಾಚಿಗೆ ಹೆಚ್ಚು ಒಗ್ಗುವುದರಲ್ಲಿ ಸಂಶಯವಿಲ್ಲ.

ಆಮೇಲಿನ ತಿರುವು ಇನ್ನೂ ಮಹತ್ವದ್ದು. ಯಂತ್ರಕ್ಕೆ ಬೇಕಾದದ್ದು ಹಸಿಯಾದ, ಪಂಪು ಮಾಡಬಹುದಾದ ಜೈವಿಕ ಪದಾರ್ಥ. ಅದು ಪಾಚಿಯೇ ಆಗಬೇಕೆಂಬ ನಿಯಮವಿಲ್ಲ. ನಗರದ ಒಳಚರಂಡಿಯ ಕೆಸರು ಹಾಗೆಯೇ ಹಸಿಯಾಗಿದೆ, ಅದನ್ನು ಬೆಳೆಸಲು ಕೊಳ ಬೇಡ, ಕೊಳ್ಳಲು ಹಣ ಬೇಡ, ಸಾಗಿಸಿ ಬಿಸಾಡಲು ನಗರಸಭೆಗಳೇ ಹಣ ತೆರುತ್ತವೆ. 2016ರಲ್ಲಿ ಪ್ರಯೋಗಾಲಯವು ಅಮೆರಿಕದ ಒಳಚರಂಡಿಯ ಕೆಸರಿನಿಂದ ವರ್ಷಕ್ಕೆ ಮೂರು ಕೋಟಿ ಬ್ಯಾರೆಲ್‌ಗಳಷ್ಟು ಕಚ್ಚಾತೈಲ ತೆಗೆಯಲು ಸಾಧ್ಯವೆಂದು, ಒಬ್ಬ ವ್ಯಕ್ತಿಯ ಪಾಲಿಗೆ ವರ್ಷಕ್ಕೆ ಎರಡು ಮೂರು ಗ್ಯಾಲನ್ ಆಗುತ್ತದೆಂದು ಅಂದಾಜು ಕೊಟ್ಟಿತು. ಕೆನಡಾದ ಮೆಟ್ರೋ ವ್ಯಾಂಕೂವರ್ ಆಡಳಿತ ಜೆನಿಫ್ಯೂಯೆಲ್ ಜೊತೆಗೂಡಿ ತನ್ನ ಆನಾಸಿಸ್ ದ್ವೀಪದ ಶುದ್ಧೀಕರಣ ಘಟಕಕ್ಕಾಗಿ ಪ್ರಾಯೋಗಿಕ ಸ್ಥಾವರದ ಯೋಜನೆಯನ್ನು ಕೈಗೆತ್ತಿಕೊಂಡಿತು. ಪಾಚಿಗಾಗಿ ಕಲಿತ ಖನಿಜ ಬೇರ್ಪಡಿಕೆ, ದ್ರಾವಕವಿಲ್ಲದ ತೈಲ ಸಂಗ್ರಹ, ನೀರಿನ ಶುದ್ಧೀಕರಣ, ಈ ಮೂರೂ ಪಾಠಗಳು ಕೆಸರಿಗೂ ಒದಗಿದವು.

ಪಾಚಿಯನ್ನು ಇದರಿಂದ ಪೂರ್ತಿ ಹೊರಗಿಟ್ಟರು ಎಂದಲ್ಲ. ಫ್ಲಾರಿಡಾದ ಒಕೀಚೋಬೀ ಸರೋವರದಲ್ಲಿ ಹೊಲಗಳ ಗೊಬ್ಬರ ಹರಿದು ಬಂದು ವಿಷಕಾರಿ ನೀಲಿಹಸಿರು ಪಾಚಿ ಹರಡಿದಾಗ, ಅಮೆರಿಕದ ಸೇನೆಯ ಎಂಜಿನಿಯರುಗಳ ತಂಡ ನೀರಿನಲ್ಲಿ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ ಪಾಚಿಯನ್ನು ಮೇಲಕ್ಕೆ ತೇಲಿಸಿ, ಸೋಸಿ, ನೀರನ್ನು ಸರೋವರಕ್ಕೆ ಮರಳಿಸಿ, ಸಿಕ್ಕ ಹಸಿ ಪಾಚಿಯನ್ನು ಇದೇ ಜಲೋಷ್ಣ ವಿಧಾನದಿಂದ ತೈಲ ಮಾಡುವ ಪ್ರಯೋಗ ನಡೆಸಿತು. ಅಲ್ಲಿ ಪಾಚಿಯನ್ನು ತೆಗೆಯುವ ಖರ್ಚು ಸರೋವರವನ್ನು ಉಳಿಸುವ ಬಾಬ್ತಿಗೆ ಹೋಗುತ್ತದೆ, ತೈಲದ ಬಾಬ್ತಿಗಲ್ಲ. ಪಾಚಿಯಲ್ಲಿ ಸೇರಿಕೊಂಡಿದ್ದ ವಿಷಗಳು 350 ಡಿಗ್ರಿಯ ನೀರಿನಲ್ಲಿ ಉಳಿಯುವುದಿಲ್ಲ, ಮತ್ತೆ ಪಾಚಿಗೆ ಆಹಾರವಾಗಲಿದ್ದ ರಂಜಕ ಗಸಿಯಾಗಿ ಕೈಗೆ ಸಿಗುತ್ತದೆ. 430 ಡಾಲರಿನ ಆ ಪಾಚಿಯ ಲೆಕ್ಕ ಇಂಥ ನೀರಿನ ದಂಡೆಯಲ್ಲಿ ಬೇರೆ ಅಂಕಿಯಿಂದ ಶುರುವಾಗುತ್ತದೆ.